ಟಾರ್ಚಿನ ತಲೆಗೆ ಪ್ಲಾಸ್ಟಿಕ್ ಡಬ್ಬಿ: ಬಹುಕಾಲದ ಬಳಕೆಯ ನಂತರ

ದೂರಕ್ಕೆ ಬೆಳಕು ಚೆಲ್ಲಲೆಂದೇ ಮಾಡಿದ ಟಾರ್ಚಿಗೆ ಹತ್ತಿರದ ಕೆಲಸ ಒಗ್ಗುವುದಿಲ್ಲ. ಕರೆಂಟು ಹೋದಾಗ ಮೇಜಿನ ಮೇಲೆ ಏನನ್ನಾದರೂ ಬಿಚ್ಚಿ ಜೋಡಿಸುವಾಗ ನಡುವೆ ಕಣ್ಣು ಕುಕ್ಕುವ ಬಿಳಿ ಮಚ್ಚೆ, ಸುತ್ತ ಕತ್ತಲು. ಆ ಮಚ್ಚೆ ನೋಡಿದ ಕಣ್ಣಿಗೆ ಪಕ್ಕದಲ್ಲೇ ಬಿದ್ದಿರುವ ಸ್ಕ್ರೂ ಕಾಣುವುದಿಲ್ಲ. ಬೆಳಕನ್ನು ಕಡಿಮೆ ಮಾಡಿಕೊಂಡರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಮಚ್ಚೆ ಮಂಕಾಗುತ್ತದೆಯೇ ಹೊರತು ಅಗಲವಾಗುವುದಿಲ್ಲ. ಅದರ ಅಗಲ ನಿರ್ಧಾರವಾಗುವುದು ಒಳಗಿನ ಹೊಳೆಯುವ ಬಟ್ಟಲಿನ ಆಕಾರದಿಂದ.

ಹಾಗಾಗಿ ನಾನು ಬಹಳ ಕಾಲದಿಂದ ಬಳಸುತ್ತಿರುವುದು ಹಾಲುಬಿಳುಪಿನ ಒಂದು ಪ್ಲಾಸ್ಟಿಕ್ ಡಬ್ಬಿ. ಬಾಯಿ ಟಾರ್ಚಿನ ತಲೆಗಿಂತ ಕೂದಲೆಳೆಯಷ್ಟು ದೊಡ್ಡದು, ಉದ್ದ ಐದಾರು ಸೆಂಟಿಮೀಟರ್. ಟಾರ್ಚಿನ ಕತ್ತಿಗೆ ಇನ್ಸುಲೇಷನ್ ಟೇಪನ್ನು ಒಂದೆರಡು ಸುತ್ತು ಸುತ್ತಿದರೆ ಡಬ್ಬಿ ಬಿಗಿಯಾಗಿ ಕೂರುತ್ತದೆ, ಬೇಡವಾದಾಗ ಎಳೆದರೆ ಬರುತ್ತದೆ. ಅಂಟು ಹಾಕುವ ಗೋಜೇ ಇಲ್ಲ. ಅಂಟಿಸಿದ ಡಿಫ್ಯೂಸರ್ (ಬೆಳಕನ್ನು ಹರಡುವ ಮುಸುಕು) ಎಂದರೆ ಒಳ್ಳೆಯ ಟಾರ್ಚನ್ನು ಕೆಡಿಸಿಕೊಂಡಂತೆಯೇ.

ಡಬ್ಬಿಯ ಉದ್ದವೇ ಇಲ್ಲಿ ಮುಖ್ಯ. ಗಾಜಿನ ಮೇಲೆ ಚಪ್ಪಟೆಯಾಗಿ ಏನನ್ನು ಹಚ್ಚಿದರೂ ಬೆಳಕು ಹೊರಡುವ ಜಾಗ ಗಾಜಿನಷ್ಟೇ ಅಗಲ. ಅಂಚು ಮಸುಕಾಗುತ್ತದೆ, ನೆರಳು ಮಾತ್ರ ಗಡುಸಾಗಿಯೇ ಉಳಿಯುತ್ತದೆ. ಡಬ್ಬಿ ಮುಂದಕ್ಕೆ ಚಾಚಿಕೊಂಡಿದ್ದರೆ ಅದರ ಗೋಡೆಗಳೂ ಬೆಳಗುತ್ತವೆ, ಇಡೀ ಡಬ್ಬಿಯೇ ದೀಪವಾಗುತ್ತದೆ. ದೀಪದ ಮೈ ದೊಡ್ಡದಾದಷ್ಟೂ ನೆರಳಿನ ಅಂಚು ಮೃದು. ಕೈಯ ನೆರಳು ಕೆಲಸದ ಮೇಲೆ ಬಿದ್ದರೂ ಅದರೊಳಗಿನ ಎಳೆ, ತಿರುಪು ಎಲ್ಲ ಕಾಣುತ್ತವೆ. ನನಗೆ ಬೇಕಾಗಿದ್ದದ್ದು ಇದೇ.

ನಿರೀಕ್ಷಿಸದೇ ಸಿಕ್ಕ ಲಾಭವೂ ಒಂದಿದೆ. ಬಿಳಿ ಎಲ್‌ಇಡಿ ಎಂದರೆ ಸಾಮಾನ್ಯವಾಗಿ ನೀಲಿ ಬೆಳಕಿನ ಚಿಪ್ ಮತ್ತು ಅದರ ಮೇಲೆ ಹಳದಿ ಫಾಸ್ಫರ್ ಲೇಪ, ಅಂದರೆ ನೀಲಿ ಬೆಳಕು ಬಿದ್ದಾಗ ಹಳದಿಯಾಗಿ ಹೊಳೆಯುವ ಪುಡಿ. ಅಗ್ಗದ ಟಾರ್ಚುಗಳಲ್ಲಿ ಇದರ ಗುಟ್ಟು ಗೋಡೆಯ ಮೇಲೇ ಬಯಲಾಗುತ್ತದೆ: ನಡುವೆ ನೀಲಿಛಾಯೆ, ಸುತ್ತ ಹಳದಿ ಬಳೆ. ಡಬ್ಬಿ ಎರಡನ್ನೂ ಕಲಸಿ ಒಂದೇ ಬಣ್ಣ ಮಾಡುತ್ತದೆ. ವಸ್ತುಗಳ ಫೋಟೊ ತೆಗೆಯುವವರಿಗೆ ಇದೊಂದೇ ಸಾಕು.

ಡಬ್ಬಿಗೆ ಬರುವ ಮುನ್ನ ಬೇರೆಯವೂ ಟಾರ್ಚಿನ ಮೇಲೆ ಕುಳಿತಿದ್ದವು. ಟ್ರೇಸಿಂಗ್ ಪೇಪರ್ ಕೊಡುವ ಬೆಳಕು ಚೆನ್ನ, ಆದರೆ ತೇವ ತಗುಲಿದರೆ ಸುಕ್ಕುಗಟ್ಟುತ್ತದೆ. ಮಬ್ಬು ಅಂಟುಟೇಪ್ ತುರ್ತಿಗೆ ಸರಿ, ಕಿತ್ತ ಮೇಲೆ ಗಾಜಿನ ಜಿಗುಟನ್ನು ಒರೆಸುವುದೇ ಒಂದು ಕೆಲಸ. ಟೇಬಲ್ ಟೆನಿಸ್ ಚೆಂಡು ಸಣ್ಣ ಟಾರ್ಚಿನ ಮೇಲೆ ಬಲು ಅಂದ, 40 ಮಿಲಿಮೀಟರ್ ಅಡ್ಡಳತೆಯ ಪುಟ್ಟ ಗ್ಲೋಬು. ಆದರೆ ಹಳೆಯ ಚೆಂಡುಗಳು ಸೆಲ್ಯುಲಾಯ್ಡಿನವು, ಕಿಡಿ ತಾಗಿದರೆ ಭಗ್ಗನೆ ಉರಿಯುವಂಥವು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಬೇರೆ ಪ್ಲಾಸ್ಟಿಕ್ಕಿನ ಚೆಂಡು ಬಂದದ್ದು 2014ರಲ್ಲಿ. ಯಾವುದೆಂದು ಗೊತ್ತಿಲ್ಲದ ಚೆಂಡನ್ನು ಬಿಸಿಯಾಗುವ ಟಾರ್ಚಿಗೆ ತೊಡಿಸಬೇಡಿ.

ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಯವಾದ ಮರಳು ಕಾಗದದಿಂದ ಉಜ್ಜಿ ಮಾಡಿದ ಬಿಲ್ಲೆ ಮಾತ್ರ ಇನ್ನೂ ನನ್ನ ಚೀಲದಲ್ಲಿದೆ. ಅದು ಬೆಳಕನ್ನು ಅರ್ಧಂಬರ್ಧ ಹರಡುತ್ತದೆ, ಹಾಗಾಗಿ ರಾತ್ರಿ ನಡೆಯುವಾಗ ಡಬ್ಬಿಗಿಂತ ಇದೇ ವಾಸಿ. ಉಜ್ಜುವಾಗ ಕೈ ಸುತ್ತುತ್ತಾ ಇರಬೇಕು. ಗೀರುಗಳೆಲ್ಲ ಒಂದೇ ದಿಕ್ಕಿಗಿದ್ದರೆ ಬೆಳಕು ಅವಕ್ಕೆ ಅಡ್ಡಲಾಗಿ ಮಾತ್ರ ಚಾಚಿ, ಗೋಡೆಯ ಮೇಲೆ ಉದ್ದನೆಯ ಪಟ್ಟೆ ಬೀಳುತ್ತದೆ.

ಕೊರತೆಗಳನ್ನೂ ಹೇಳಬೇಕು. ಡಬ್ಬಿ ತೊಟ್ಟ ಟಾರ್ಚಿಗೆ ದೂರದೃಷ್ಟಿ ಇಲ್ಲ. ಟಾರ್ಚು ಬರುವ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ದೂರ ಎಂದರೆ ಬೆಳಕು 0.25 ಲಕ್ಸ್‌ಗೆ, ಅಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳ ಮಟ್ಟಕ್ಕೆ, ಇಳಿಯುವ ಜಾಗ. ನಡುವಿನ ತೀವ್ರತೆ ನೂರನೇ ಒಂದು ಪಾಲಾದರೆ ಆ ದೂರ ಹತ್ತನೇ ಒಂದು ಪಾಲಾಗುತ್ತದೆ, 200 ಮೀಟರ್ ಹೋಗಿ 20. ಇನ್ನೊಂದು, ಎಲ್ಲ ಕಡೆ ಹರಡುವ ಬೆಳಕು ಹಿಡಿದವರ ಕಣ್ಣಿಗೂ ಬೀಳುತ್ತದೆ. ಕಣ್ಣಿನ ಮಟ್ಟಕ್ಕಿಂತ ಮೇಲೆ ತೂಗುಹಾಕುವುದು ಒಳ್ಳೆಯದು. ಕೈಯಲ್ಲೇ ಹಿಡಿಯುವುದಾದರೆ ಡಬ್ಬಿಯ ಗೋಡೆಯಲ್ಲಿ ನಿಮ್ಮ ಕಡೆಯ ಅರ್ಧಕ್ಕೆ ಒಳಗಿನಿಂದ ದಪ್ಪ ಬಿಳಿ ಕಾಗದ ಅಂಟಿಸಿ. ಬಿಳಿ ಚಾವಣಿಯ ಕೋಣೆಯಲ್ಲಿ ಇದ್ಯಾವುದೂ ಬೇಕಿಲ್ಲ. ಟಾರ್ಚನ್ನು ಬಾಲದ ಮೇಲೆ ನಿಲ್ಲಿಸಿ ಬೆಳಕನ್ನು ಮೇಲಕ್ಕೆ ಬಿಟ್ಟರೆ ಇಡೀ ಚಾವಣಿಯೇ ಡಿಫ್ಯೂಸರ್. ಡಬ್ಬಿ ಬೇಕಾಗುವುದು ಬಯಲಿನಲ್ಲಿ, ಗುಡಾರದಲ್ಲಿ, ಮೇಜಿನ ಕೆಳಗೆ.

ಬಿಸಿಯ ವಿಷಯದಲ್ಲಿ ಉಡಾಫೆ ಬೇಡ. ಸಾವಿರ ಲ್ಯೂಮೆನ್ (ಹೊರಬರುವ ಒಟ್ಟು ಬೆಳಕಿನ ಅಳತೆ) ದಾಟುವ ಟಾರ್ಚನ್ನು ಪೂರ್ಣ ಬೆಳಕಿನಲ್ಲಿಟ್ಟಾಗ ಬಿಳಿ ಪ್ಲಾಸ್ಟಿಕ್ ಹೀರುವುದು ಸ್ವಲ್ಪವೇ, ಆದರೆ ಗಾಜಿಗೆ ತಾಗಿದ ಕಪ್ಪು ಟೇಪಿನ ಅಂಚು ಬೇಗನೆ ಕಾದು ವಾಸನೆ ಬರಿಸುತ್ತದೆ. ಟೇಪು ಕತ್ತಿಗೆ ಮಾತ್ರ ಇರಲಿ, ಬೆಳಕಿನ ದಾರಿಗೆ ಬೇಡ. ಡಬ್ಬಿಯ ತಳದ ತ್ರಿಕೋನದೊಳಗಿನ ಅಂಕಿಯನ್ನೂ ನೋಡಿ. 2 ಎಂದರೆ ಗಟ್ಟಿ ಪಾಲಿಥೀನ್, ಕರಗುವುದು ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ. 5 ಎಂದರೆ ಪಾಲಿಪ್ರೊಪಿಲೀನ್, ಸುಮಾರು 160. 1 ಎಂದಿರುವ ನೀರಿನ ಬಾಟಲಿಯ ಪ್ಲಾಸ್ಟಿಕ್ ಇವೆರಡಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗುತ್ತದೆ.

ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದನ್ನು ಕಳೆದದ್ದು ಬಾಯಂಚು ಸೀಳಿದ್ದಕ್ಕೆ: ಹಾಕಿ ತೆಗೆದು ಹಾಕಿ ತೆಗೆದು ಕೂದಲಿನಂಥ ಬಿರುಕು ಬಿಟ್ಟಿದೆ, ಈಗ ರಬ್ಬರ್ ಬ್ಯಾಂಡಿನ ಆಸರೆಯಲ್ಲಿದೆ. ಮುಂದಿನದಕ್ಕೆ 5ರ ಗುರುತಿನ, ತುಸು ದಪ್ಪ ಅಂಚಿನ ಡಬ್ಬಿಯನ್ನು ತೊಳೆದು ಒಣಗಿಸಿ ಇಟ್ಟಿದ್ದೇನೆ.