ಬೀಟೆ ಹಲಗೆಯ ಮೇಲೆ ‘ಬೆತ್ಸಲೇಲ್’: ಮೈಸೂರಿನ ಇನ್‌ಲೇ ಅಂಗಡಿಯೊಂದರ ನೇಮ್‌ಪ್ಲೇಟ್

ಮೈಸೂರಿನ ಮಂಡಿ ಮೊಹಲ್ಲಾ ಕಡೆಯ ಇನ್‌ಲೇ (ಮರದಲ್ಲಿ ತೋಡಿ ಬೇರೆ ಮರದ ಚೂರು ಕೂಡಿಸುವ ಕೆಲಸ) ಅಂಗಡಿಯೊಂದರಲ್ಲಿ ಮಾಡಿಸಿದ ಹೀಬ್ರೂ ಬೋರ್ಡಿದು. ಮೈಸೂರಿನದೇ ಗೋಕುಲಂ ಬಡಾವಣೆಗೆ ಯೋಗ ಕಲಿಯಲು ಬಂದಿದ್ದವರಿಗೆ ಉಡುಗೊರೆ. ಹೆಸರು ‘ಬೆತ್ಸಲೇಲ್’, ಯೆಹೂದಿಗಳಲ್ಲೂ ಅಪರೂಪದ ಗಂಡು ಹೆಸರು. ಮರಗೆಲಸಕ್ಕೆ ಪೂರ್ತಿ ಅಂಕ. ಅಕ್ಷರದ ವಿಷಯದಲ್ಲಿ ಮಾತ್ರ ಗಿರಾಕಿ ಪಕ್ಕದಲ್ಲೇ ನಿಂತು ನೋಡಿಕೊಳ್ಳಬೇಕು.

‘ಬೆ’ ಅಂದರೆ ಒಳಗೆ, ‘ತ್ಸೇಲ್’ ಅಂದರೆ ನೆರಳು, ‘ಏಲ್’ ಅಂದರೆ ದೇವರು. ಮೂರೂ ಕೂಡಿ ‘ದೇವರ ನೆರಳಿನಲ್ಲಿ’. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ‘ಬೆಜಲೆಲ್’ ಅಂತ ಓದುವವರೇ ಜಾಸ್ತಿ. ಬೈಬಲ್ಲಿನ ವಿಮೋಚನಕಾಂಡದಲ್ಲಿ ಈ ಹೆಸರಿನವನು ಯೆಹೂದ ಕುಲದ ಊರಿಯ ಮಗ. ಚಿನ್ನ ಬೆಳ್ಳಿಯ ಕೆಲಸ, ಹರಳು ಕೂರಿಸುವುದು, ಮರ ಕೆತ್ತುವುದು ಎಲ್ಲವನ್ನೂ ಬಲ್ಲವನು. ಇಸ್ರಾಯೇಲರು ಆರಾಧನೆಗೆ ಬಳಸಿದ ‘ದೇವದರ್ಶನದ ಗುಡಾರ’ ಕಟ್ಟುವ ಹೊಣೆ ಅವನದೇ. ಯೆಹೂದಿಗಳ ಧರ್ಮಗ್ರಂಥ ತಾಲ್ಮುಡ್‌ನಲ್ಲಿ ಒಂದು ಪ್ರಸಂಗವಿದೆ. ಅವರ ನಾಯಕ ಮೋಶೆ ಬಂದು ಮೊದಲು ಒಳಗಿಡುವ ಪವಿತ್ರ ಪೆಟ್ಟಿಗೆ, ಪಾತ್ರೆ, ಆಮೇಲೆ ಗುಡಾರ ಮಾಡು ಅನ್ನುತ್ತಾನೆ. ಜನ ಮೊದಲು ಮನೆ ಕಟ್ಟಿ ಆಮೇಲಲ್ಲವೇ ಸಾಮಾನು ತರುವುದು ಎಂದು ಬೆತ್ಸಲೇಲ್ ಕೇಳುತ್ತಾನೆ. ದೇವರು ಹೇಳಿದ್ದೂ ಹಾಗೇ, ನೀನೇನು ಅವನ ನೆರಳಲ್ಲೇ ಇದ್ದೆಯಾ ಎಂದು ಮೋಶೆ ಬೆರಗಾಗುತ್ತಾನೆ. 1906ರಲ್ಲಿ ಬೋರಿಸ್ ಶಾಟ್ಸ್ ಜೆರುಸಲೇಮಿನಲ್ಲಿ ತೆರೆದ ಕಲಾಶಾಲೆಗೂ ಇದೇ ಹೆಸರು. ಬೀಟೆಯಲ್ಲಿ ಹಲಸಿನ ಚೂರು ಕೂಡಿಸುವ ಕೈಗಳಿಗೆ ಇಷ್ಟು ಒಪ್ಪುವ ಹೆಸರು ಬೇರೊಂದು ಸಿಗುವುದು ಕಷ್ಟ.

ಬೋರ್ಡು 12 ಇಂಚು ಉದ್ದ, 4 ಇಂಚು ಅಗಲ. ಅಕ್ಷರಗಳು 2 ಮಿ.ಮೀ. ದಪ್ಪದ ಹಳದಿ ಹಲಸು. ಸಂದಿನ ಮೇಲೆ ಉಗುರು ಆಡಿಸಿದರೂ ತಡೆಯುವುದಿಲ್ಲ, ಅಷ್ಟು ನಯ. ಎಡವಟ್ಟಾದದ್ದು ಮೊದಲ ಅಕ್ಷರ ‘ಬೆತ್’ನಲ್ಲಿ. ಅದರ ಬಲಗಡೆ ಕೆಳಮೂಲೆಯಲ್ಲಿ ಒಂದು ಸಣ್ಣ ಹಿಮ್ಮಡಿ ಹೊರಚಾಚಿರುತ್ತದೆ. ಆ ಹಿಮ್ಮಡಿ ಇಲ್ಲದೆ ಮೂಲೆ ದುಂಡಾದರೆ ಅದು ‘ಕಾಫ್’. ಹೀಬ್ರೂವಿನಲ್ಲಿ ‘ಕೆ’ ಅಂದರೆ ‘ಹಾಗೆ’. ದೇವರ ನೆರಳಿನಲ್ಲಿ ಇರಬೇಕಾದವನು ದೇವರ ನೆರಳಿನ ಹಾಗೆ ಆಗಿಬಿಡುತ್ತಾನೆ! ಮೊದಲ ಬೋರ್ಡಿನಲ್ಲಿ ಆದದ್ದು ಅದೇ. ಗರಗಸದಲ್ಲಿ ಹಿಮ್ಮಡಿ ಸರಿಯಾಗಿಯೇ ಬಂದಿತ್ತು. ಕೂಡಿಸುವಾಗ ತುದಿ ಮುರಿದು, ಆ ಜಾಗಕ್ಕೆ ಬೀಟೆ ಹುಡಿ ಮತ್ತು ಗೋಂದು ಕಲಸಿ ತುಂಬಿ ಉಜ್ಜಿದ್ದಾರೆ. ಹೂ ಬಳ್ಳಿಯ ಕೆಲಸದಲ್ಲಿ ಇದು ಕಾಣುವುದೇ ಇಲ್ಲ, ಅಕ್ಷರದಲ್ಲಿ ಹೆಸರನ್ನೇ ಬದಲಿಸುತ್ತದೆ. ಹಿಮ್ಮಡಿ ಕನಿಷ್ಠ 3 ಮಿ.ಮೀ. ಚಾಚಿರಲಿ, ಮರದ ಎಳೆ ಹಿಮ್ಮಡಿ ಚಾಚಿದ ಕಡೆಗೇ ಅಡ್ಡಡ್ಡ ಓಡಲಿ ಎಂದು ಮೊದಲೇ ಹೇಳಿ. ಎಳೆ ಮೇಲಿಂದ ಕೆಳಕ್ಕೆ ಬಿದ್ದರೆ ಅಲ್ಲೇ ಮುರಿಯುತ್ತದೆ. ತಪ್ಪು ತೋರಿಸಿದ ಮೇಲೆ ಅಂಗಡಿಯವರು ಮಾತಿಲ್ಲದೆ ಬೇರೆ ಬೋರ್ಡು ಮಾಡಿಕೊಟ್ಟರು.

ಇನ್ನೊಂದು ತೊಂದರೆ ಕಂಪ್ಯೂಟರಿನದು. ಹೀಬ್ರೂ ಬಲದಿಂದ ಎಡಕ್ಕೆ ಓಡುವ ಲಿಪಿ, ಕೆಲವು ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಅಕ್ಷರಗಳ ಸಾಲು ತಿರುಗುಮುರುಗಾಗುತ್ತದೆ. ಲಿಪಿ ಬಾರದವರೂ ಹಿಡಿಯಬಹುದಾದ ಗುರುತು: ಬೆತ್, ತ್ಸಾದಿ, ಲಾಮೆದ್, ಆಲೆಫ್, ಲಾಮೆದ್ ಎಂಬ ಐದರಲ್ಲಿ ಲಾಮೆದ್ ಮಾತ್ರ ಕತ್ತು ಚಾಚಿ ಸಾಲು ಮೀರಿ ನಿಲ್ಲುತ್ತದೆ. ಎಡತುದಿಯ ಅಕ್ಷರಕ್ಕೆ ಆ ಉದ್ದ ಕತ್ತಿದ್ದರೆ ಸಾಲು ಸರಿ.

ಹೀಬ್ರೂವಿನಲ್ಲಿ ಸ್ವರ ತೋರಿಸಲು ಅಕ್ಷರಕ್ಕೆ ಹಾಕುವ ಚುಕ್ಕೆಗಳನ್ನು ಬಿಟ್ಟುಬಿಡಿ. ಬೀಟೆಯ ಮೇಲೆ ಹುಳು ತಿಂದ ತೂತಿನ ಹಾಗೆ ಕಾಣುತ್ತವೆ. ಧೂಳು ಒರೆಸಲು ಒಣ ಬಟ್ಟೆ ಸಾಕು. ಸ್ಪಿರಿಟ್ ಹಾಕಿದರೆ ಬೀಟೆಯ ಬಣ್ಣ ಬಿಟ್ಟು ಹಲಸಿನ ಹಳದಿಗೆ ಇಳಿಯುತ್ತದೆ.