ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಕಾಫಿಪುಡಿ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗ ಬುಡಕಟ್ಟಿನವರು ಪೋಡು ಎಂದು ಕರೆಯುವ ತಮ್ಮ ಹಾಡಿಗಳ ಸುತ್ತಲಿನ ತುಂಡುಭೂಮಿಯಲ್ಲಿ ಬೆಳೆದು, ಅಂಗಳದಲ್ಲಿ ಒಣಗಿಸಿ, ತಮ್ಮದೇ ಸಂಘದ ಮೂಲಕ ಹುರಿದು ಪುಡಿಮಾಡಿ ಮಾರುವ ಅರೇಬಿಕಾ ಕಾಫಿ ನಮ್ಮ ಮನೆಯಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿದೆ. ಇದು ಕೊಂಡು ಕುಡಿಯಲು ಯೋಗ್ಯವಾದ ಕಾಫಿ; ಮರುಕದಿಂದ ಕೊಳ್ಳಬೇಕಾದ ಸರಕಲ್ಲ. ಗಿರಿಜನರ ಉತ್ಪನ್ನ ಎಂದೊಡನೆ ನಮ್ಮಲ್ಲಿ ಅನೇಕರು ಅದನ್ನು ದಾನದ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಬೆಳೆದವರಿಗೆ ಅದು ಅವಮಾನ, ಕಾಫಿಗೂ ಅನ್ಯಾಯ.

ಮೊದಲು ರುಚಿಯ ವಿಷಯ. ಪುಡಿಯಲ್ಲಿ ಚಿಕೋರಿ ಇಲ್ಲವಾದ್ದರಿಂದ ಪೇಟೆಯ ಮಿಶ್ರಣಕ್ಕೆ ಒಗ್ಗಿಹೋದವರಿಗೆ ಮೊದಲ ಲೋಟ ತೆಳುವೆನಿಸಬಹುದು. ಚಿಕೋರಿ ನೀರನ್ನು ಹಿಡಿದುಕೊಂಡು ಡಿಕಾಕ್ಷನ್ ನಿಧಾನವಾಗಿ, ಕಪ್ಪಾಗಿ ಇಳಿಯುವಂತೆ ಮಾಡುತ್ತದೆ. ಇಲ್ಲಿ ಅದು ಬೇಗ ಇಳಿಯುತ್ತದೆ, ಬಣ್ಣವೂ ತಿಳಿಯಾಗಿರುತ್ತದೆ. ಆದುದರಿಂದ ಫಿಲ್ಟರಿಗೆ ಒಂದು ಚಮಚ ಪುಡಿಯನ್ನು ಹೆಚ್ಚಿಗೆ ಹಾಕಿ, ಬಿಲ್ಲೆಯಿಂದ ತುಸು ಬಿಗಿಯಾಗಿ ಅದುಮಿ, ಕುದಿ ಇಳಿದ ಬಿಸಿನೀರನ್ನು ಎರಡು ಸಲಕ್ಕೆ ಸುರಿಯಬೇಕು. ಹಾಗೆ ಇಳಿದ ಡಿಕಾಕ್ಷನ್ನಿಗೆ ಹಾಲು ಕಡಿಮೆ ಬೆರೆಸಿದರೆ ಹದವಾದ ಹುಳಿ, ಅದರ ಹಿಂದೆಯೇ ಬೆಲ್ಲದ ಪಾಕವನ್ನು ನೆನಪಿಸುವ ಸಿಹಿ ನಾಲಿಗೆಗೆ ಸಿಗುತ್ತದೆ. ಗಂಟಲಲ್ಲಿ ಕಹಿ ಉಳಿಯುವುದಿಲ್ಲ. ಹಾಲೇ ಮುಖ್ಯವಾದ ಗಟ್ಟಿ ಕಾಫಿ ಬೇಕೆನ್ನುವವರಿಗೆ ಇದು ಒಗ್ಗಲಾರದು. ಹಾಲಿಲ್ಲದೆ ಕುಡಿಯುವವರಿಗೆ ಮಾತ್ರ ಇದನ್ನು ಎರಡು ಮಾತಿಲ್ಲದೆ ಹೇಳುತ್ತೇನೆ.

ಈ ರುಚಿಗೆ ಬೆಟ್ಟದ ಎತ್ತರವೂ ನೆರಳೂ ಕಾರಣ. ಯಳಂದೂರಿನ ಬಯಲು ಮುಗಿದು ಘಟ್ಟ ಏರತೊಡಗಿದರೆ ಕುರುಚಲು ಕಾಡು, ಎಲೆ ಉದುರುವ ಕಾಡು, ಕೊನೆಗೆ ಎತ್ತರದ ಕಣಿವೆಗಳ ಶೋಲಾ ಕಾಡು ಮತ್ತು ಹುಲ್ಲುಗಾವಲು, ಹೀಗೆ ಸುಮಾರು 600 ಮೀಟರಿನಿಂದ 1,800 ಮೀಟರಿನವರೆಗೆ ಬೆಟ್ಟಸಾಲು ಎದ್ದು ನಿಂತಿದೆ. ಎತ್ತರದ ತಂಪಿನಲ್ಲಿ ಕಾಯಿ ನಿಧಾನವಾಗಿ ಹಣ್ಣಾಗುತ್ತದೆ. ಪೋಡಿನ ತೋಟದಲ್ಲಿ ಹಲಸು ಮತ್ತು ಕಾಡುಮರಗಳನ್ನು ಕಡಿಯದೆ ಅವುಗಳ ಕೆಳಗೇ ಗಿಡ ನೆಟ್ಟಿರುವುದರಿಂದ, ಬಿಸಿಲಲ್ಲಿ ಹೆಚ್ಚುವ ಬಿಳಿ ಕಾಂಡಕೊರಕ ಹುಳುವಿನ ಹಾವಳಿಗೂ ಸ್ವಲ್ಪ ತಡೆ ಬೀಳುತ್ತದೆ. ಬ್ರಿಟಿಷರ ಕಾಲದಿಂದ ಇದೇ ಬೆಟ್ಟದಲ್ಲಿ ದೊಡ್ಡ ಎಸ್ಟೇಟುಗಳಿವೆ, ಅಲ್ಲಿ ಸೋಲಿಗರು ಕೂಲಿಗೆ ಹೋಗುತ್ತಾ ಬಂದಿದ್ದಾರೆ. ಈಗ ಅವರು ಮಾರುತ್ತಿರುವುದು ತಮ್ಮದೇ ಗಿಡದ ಕಾಫಿ ಎಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಬೆಲೆ ದುಬಾರಿ ಎಂಬ ಆಕ್ಷೇಪವನ್ನು ಕೇಳಿದ್ದೇನೆ. ಸುಮಾರು ಆರು ಕಿಲೋ ಹಣ್ಣಿನಿಂದ ಒಂದು ಕಿಲೋ ಹಸಿಬೀಜ ಸಿಗುತ್ತದೆ, ಹುರಿಯುವಾಗ ಅದರ ತೂಕ ಶೇಕಡಾ 15ರಿಂದ 20ರಷ್ಟು ಇಳಿಯುತ್ತದೆ. ಅಂದರೆ ಅರ್ಧ ಕಿಲೋ ಪುಡಿಯ ಹಿಂದೆ ಮೂರೂವರೆ ಕಿಲೋಗೂ ಹೆಚ್ಚು ಹಣ್ಣಿದೆ, ಅದನ್ನೆಲ್ಲ ಕೈಯಿಂದಲೇ ಬಿಡಿಸಿರುತ್ತಾರೆ. ಹಣ್ಣು ಒಂದೇ ಸಲ ಕೆಂಪಾಗುವುದಿಲ್ಲವಾದ್ದರಿಂದ ಚಳಿಗಾಲವಿಡೀ ಅದೇ ಗಿಡಕ್ಕೆ ಮತ್ತೆ ಮತ್ತೆ ಹೋಗಬೇಕು. ಸಿಮೆಂಟಿನ ಕಣವಿಲ್ಲದ ಮನೆಗಳಲ್ಲಿ ಅಂಗಳದಲ್ಲಿ ಟಾರ್ಪಾಲು ಹಾಸಿ ತೆಳುವಾಗಿ ಹರವುತ್ತಾರೆ; ಸಂಜೆ ಮಂಜು ಇಳಿಯುವ ಮೊದಲೇ ರಾಶಿ ಮಾಡಿ ಮುಚ್ಚಿ, ಬೆಳಿಗ್ಗೆ ಬಿಸಿಲು ಬಂದಮೇಲೆ ಮತ್ತೆ ಹರವಿ, ನಡುನಡುವೆ ಕೈಯಾಡಿಸುತ್ತಿರುತ್ತಾರೆ. ಒಂದು ರಾತ್ರಿ ಮೈಮರೆತರೆ ಬೀಜಕ್ಕೆ ಬೂಷ್ಟು ಹಿಡಿಯುತ್ತದೆ. ಆಮೇಲೆ ಮೊರದಲ್ಲಿ ಕೇರಿ, ಒಡೆದದ್ದನ್ನೂ ಕಪ್ಪಾದದ್ದನ್ನೂ ಹೆಂಗಸರು ಒಂದೊಂದಾಗಿ ಆರಿಸಿ ತೆಗೆಯುತ್ತಾರೆ. ಹಣ್ಣನ್ನು ಗಿಡದ ಬುಡದಲ್ಲೇ ವ್ಯಾಪಾರಿಗೆ ಕೊಟ್ಟುಬಿಟ್ಟರೆ ಈ ದುಡಿಮೆಗೆಲ್ಲ ಕೂಲಿಯೇ ಹುಟ್ಟುವುದಿಲ್ಲ. ಪುಡಿಯಾಗಿ ಮಾರಿದಾಗ ಹೆಚ್ಚುವ ಬೆಲೆಯ ಒಂದಂಶವಾದರೂ ಪೋಡಿನಲ್ಲೇ ಉಳಿಯುತ್ತದೆ.

ಪೋಡಿನ ಸಂಸಾರಕ್ಕೆ ಕಾಫಿಯ ಹಣ ಇಷ್ಟು ಮುಖ್ಯವಾದದ್ದು ಏಕೆ ಎಂಬುದನ್ನು ಕೊಳ್ಳುವವರು ಅರಿತಿರಬೇಕು. 1974ರಲ್ಲಿ ಈ ಕಾಡು ವನ್ಯಧಾಮವಾದ ಮೇಲೆ, ಕಾಡಿನೊಳಗೆ ಜಾಗ ಬದಲಿಸುತ್ತಾ ರಾಗಿ ಬಿತ್ತುತ್ತಿದ್ದ ಸೋಲಿಗರು ಒಂದೆಡೆ ನೆಲೆನಿಲ್ಲಬೇಕಾಯಿತು. ಜೇನು, ನೆಲ್ಲಿಕಾಯಿ, ಕಲ್ಲುಪಾಚಿ, ಸೀಗೆಗಳನ್ನು ಸಂಗ್ರಹಿಸಿ ಗಿರಿಜನರ ಸರಕು ಕೊಳ್ಳುವ ಲ್ಯಾಂಪ್ಸ್ ಸಹಕಾರ ಸಂಘಕ್ಕೆ ಕೊಟ್ಟು ಬದುಕುತ್ತಿದ್ದವರಿಗೆ, ವನ್ಯಜೀವಿ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿಯ ನಂತರ ಆ ದಾರಿಯೂ ಮುಚ್ಚಿತು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ದೊರೆತದ್ದು ದೊಡ್ಡ ಗೆಲುವು. ಅದೇ ವರ್ಷ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಆದರೆ ಅಷ್ಟು ಹೊತ್ತಿಗೆ ಕಾಡೇ ಬದಲಾಗಿತ್ತು. ಹಿಂದೆ ಸೋಲಿಗರು ಚಳಿಗಾಲದ ಕೊನೆಗೆ ಹಚ್ಚುತ್ತಿದ್ದ ತರಗು ಬೆಂಕಿ ನೆಲದ ಮೇಲಷ್ಟೇ ಸರಿದುಹೋಗುತ್ತಿತ್ತು. ಅದು ನಿಂತ ಮೇಲೆ ಲಂಟಾನ ಕಳೆ ಕಾಡನ್ನೆಲ್ಲ ಆವರಿಸಿತು, ನೆಲ್ಲಿಮರಗಳಿಗೆ ಉಪ್ಪಿಲು ಎಂಬ ಬಂದಳಿಕೆ ಹತ್ತಿ ಮರಗಳು ಒಣಗತೊಡಗಿದವು ಎಂದು ಹಿರಿಯರು ಹೇಳುತ್ತಾರೆ. ಅವರ ಮಾತನ್ನು ಪರಿಸರ ವಿಜ್ಞಾನಿಗಳೂ ಗಂಭೀರವಾಗಿ ಪರಿಗಣಿಸಿದ್ದಾರೆ. ಹೊಲದ ರಾಗಿಯನ್ನು ಆನೆ, ಕಾಡುಹಂದಿ, ಕಡವೆಗಳಿಂದ ಉಳಿಸಿಕೊಳ್ಳಲು ಮಾಳದ (ಕಾವಲು ಅಟ್ಟಣೆಯ) ಮೇಲೆ ರಾತ್ರಿಯೆಲ್ಲ ಕಾವಲಿರಬೇಕು. ಕಾಫಿಗಿಡವನ್ನು ಆನೆ ಸಾಮಾನ್ಯವಾಗಿ ತಿನ್ನುವುದಿಲ್ಲ. ಹಲಸಿನ ಹಣ್ಣಿಗೆಂದು ಬಂದಾಗ ತುಳಿದುಹಾಕುವುದುಂಟು, ಆದರೂ ಇಡೀ ಬೆಳೆ ಒಂದೇ ರಾತ್ರಿಯಲ್ಲಿ ಹೋಗುವ ಭಯ ಕಡಿಮೆ.

ಒಳಗಿನ ಪೋಡುಗಳಿಂದ ಮೂಟೆಯನ್ನು ರಸ್ತೆಗೆ ತರುವುದೇ ಇನ್ನೊಂದು ಕೆಲಸ. ಮಳೆಗಾಲದಲ್ಲಿ ಜೀಪು ಹೂತುಹೋಗುವ ಮಣ್ಣುದಾರಿ, ಸಂಜೆಗೆ ಮುಚ್ಚುವ ಅರಣ್ಯ ಇಲಾಖೆಯ ಗೇಟು, ದಾರಿಯಲ್ಲಿ ಆನೆ. ಹೆರಿಗೆ, ಜ್ವರ, ಶಾಲೆ ಎಲ್ಲಕ್ಕೂ ಇದೇ ದಾರಿ. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆ ಮತ್ತು ಶಾಲೆ ಬೆಟ್ಟದಲ್ಲೇ ಇರುವುದರಿಂದ ಎಷ್ಟೋ ಜೀವಗಳು ಉಳಿದಿವೆ. ಆದರೂ ದೂರದ ಪೋಡಿನವರಿಗೆ ಆ ಆಸ್ಪತ್ರೆಯವರೆಗಿನ ದಾರಿಯೇ ಉದ್ದ.

ಕೊರತೆಗಳನ್ನೂ ಹೇಳಬೇಕು. ನಾನು ಕೊಂಡ ಪೊಟ್ಟಣಗಳಲ್ಲಿ ಹುರಿದ ದಿನಾಂಕ ಸ್ಪಷ್ಟವಾಗಿರಲಿಲ್ಲ. ಒಂದು ಸಲ ತಂದ ಪುಡಿಯ ಘಮ ಚೀಲ ಒಡೆದಾಗಲೇ ಮಂಕಾಗಿತ್ತು, ಮುಂದಿನ ಸಲ ತಂದದ್ದು ಅಡುಗೆಮನೆಯನ್ನೆಲ್ಲ ತುಂಬಿತು. ಹುರಿಯುವಿಕೆಯಲ್ಲೂ ಒಂದೇ ಹದವಿಲ್ಲ. ಒಳ್ಳೆಯ ಬೀಜ ಕೊನೆಯ ಹಂತದಲ್ಲಿ ಹೀಗೆ ಸೊರಗುವುದು ನೋವಿನ ಸಂಗತಿ, ಏಕೆಂದರೆ ಮರುಕದಿಂದ ಒಮ್ಮೆ ಕೊಂಡವರು ರುಚಿ ಕೆಟ್ಟರೆ ಎರಡನೆಯ ಸಲ ಬರುವುದಿಲ್ಲ. ಪೊಟ್ಟಣದ ಮೇಲೆ ದಿನಾಂಕ, ಕೊಯ್ಲಿನ ವರ್ಷ, ಪೋಡಿನ ಹೆಸರು ಈ ಮೂರನ್ನು ಅಚ್ಚು ಹಾಕಿಸಿದರೆ ಬೆಲೆಯನ್ನು ಇನ್ನೂ ಸ್ವಲ್ಪ ಏರಿಸಿದರೂ ನಾನು ಕೊಡುತ್ತೇನೆ.

ಇದರ ಜೊತೆಗೆ ಸಿಗುವ ಹೆಜ್ಜೇನಿನ ತುಪ್ಪವೂ ಚೆನ್ನಾಗಿದೆ. ಅದರಲ್ಲಿ ನೀರಿನಂಶ ಹೆಚ್ಚಿರುವುದು ಸಹಜ, ತೆಳುವಾಗಿದೆಯೆಂದು ಕಲಬೆರಕೆ ಎನ್ನಬಾರದು.

ಕೊಳ್ಳುವವರು ಸಾಧ್ಯವಾದರೆ ಪುಡಿಯ ಬದಲು ಹುರಿದ ಬೀಜವನ್ನೇ ಕೇಳಿ, ಮನೆಯಲ್ಲಿ ಬೇಕಾದಷ್ಟನ್ನೇ ಪುಡಿಮಾಡಿಕೊಳ್ಳುವುದು ಉತ್ತಮ. ಹೊಸ ಬೆಳೆಯ ಕಾಫಿ ಬೇಕಿದ್ದರೆ ಕೊಯ್ಲು ಮತ್ತು ಒಣಗಿಸುವಿಕೆ ಮುಗಿದ ಮೇಲೆ, ಬೇಸಿಗೆಯಲ್ಲಿ ಹೋಗಬೇಕು. ಏಪ್ರಿಲ್ ಸುಮಾರಿಗೆ ನಡೆಯುವ ರಂಗನಾಥನ ದೊಡ್ಡ ಜಾತ್ರೆಗೆ ಬರುವವರು, ಸೋಲಿಗರು ಭಾವನೆಂದು ಕರೆಯುವ ಆ ದೇವರ ದರ್ಶನ ಮುಗಿಸಿ ಇಳಿಯುವಾಗ, ಗೇಟು ಮುಚ್ಚುವ ಮೊದಲು ಅರ್ಧ ಗಂಟೆ ಉಳಿಸಿಕೊಂಡು, ವ್ಯಾಪಾರಿಗಳ ಬಳಿ ಅಲ್ಲದೆ ಸೋಲಿಗರೇ ನಡೆಸುವ ಮಳಿಗೆಯಲ್ಲೇ ವಿಚಾರಿಸಿ ಕೊಳ್ಳಲಿ.