ಬರಿ, ಕವರು, ಒಕ್ಕ: ಗ್ರ್ಯಾಂಪ್ಸ್ ಸಾಫ್ಟ್‌ವೇರ್‌ನಲ್ಲಿ ನಮ್ಮ ಕುಟುಂಬ ಹಿಡಿಸುತ್ತದೆಯೇ?

ವಂಶವೃಕ್ಷ ಬರೆದಿಡುವ ಗ್ರ್ಯಾಂಪ್ಸ್ ಸಾಫ್ಟ್‌ವೇರ್‌ನಲ್ಲಿ ಹೊಸ 'ಫ್ಯಾಮಿಲಿ' ಸೇರಿಸಲು ಹೊರಟರೆ ತೆರೆದುಕೊಳ್ಳುವ ವಿಂಡೋದಲ್ಲಿ ಮುಖ್ಯವಾಗಿ ಮೂರು ಜಾಗ: ತಂದೆ, ತಾಯಿ, ಕೆಳಗೆ ಮಕ್ಕಳ ಪಟ್ಟಿ. ತುಳುನಾಡಿನ ಗುತ್ತಿನ ಮನೆಯ ವಂಶವೃಕ್ಷ ಬರೆಯಲು ಕೂತವರಿಗೆ ತೊಡಕು ಇಲ್ಲಿಂದಲೇ ಶುರು. ಅಳಿಯಸಂತಾನದಲ್ಲಿ, ಅಂದರೆ ತಾಯಿಯ ಸಾಲಿನಲ್ಲಿ ವಂಶ ಎಣಿಸುವ ಪದ್ಧತಿಯಲ್ಲಿ, ಕುಟುಂಬವೆಂದರೆ ಅಜ್ಜಿ, ಅವಳ ಗಂಡು ಹೆಣ್ಣು ಮಕ್ಕಳು, ಆ ಹೆಣ್ಣುಮಕ್ಕಳ ಮಕ್ಕಳು. ಅಜ್ಜ ಅದರಲ್ಲಿಲ್ಲ, ಅವನು ತನ್ನ ತಾಯಿಯ ಕುಟುಂಬದವ.

ಇದು ಗ್ರ್ಯಾಂಪ್ಸ್ ಒಂದರ ದೋಷವಲ್ಲ. ವಂಶವೃಕ್ಷದ ಸಾಫ್ಟ್‌ವೇರ್‌ಗಳು ಮಾಹಿತಿ ಕೊಟ್ಟು ತೆಗೆದುಕೊಳ್ಳುವ ಜೆಡ್‌ಕಾಮ್ ಎಂಬ ಮಾದರಿಯನ್ನು ಮಾರ್ಮನ್ ಚರ್ಚು 1984ರಲ್ಲಿ ರೂಪಿಸಿತು. ಗಂಡ, ಹೆಂಡತಿ, ಮಕ್ಕಳು ಸೇರಿದರೆ ಕುಟುಂಬ ಎನ್ನುವುದು ಅದರ ಅಡಿಗಲ್ಲು. ಗ್ರ್ಯಾಂಪ್ಸ್‌ನ ಗುಣವೆಂದರೆ ಆ ಅಡಿಗಲ್ಲಿನ ಮೇಲೆ ನಮಗೆ ಬೇಕಾದ ಗೋಡೆ ಎಬ್ಬಿಸಲು ಬಿಡುತ್ತದೆ. ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಮಾಹಿತಿ ನಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ.

ಮೊದಲ ಕೆಲಸ, ಪ್ರತಿಯೊಬ್ಬರ 'ಆಟ್ರಿಬ್ಯೂಟ್ಸ್' ಪುಟದಲ್ಲಿ 'ಬರಿ' (ತಾಯಿಯಿಂದ ಬರುವ ಕುಲದ ಹೆಸರು), 'ಕವರು' (ಕುಟುಂಬದೊಳಗಿನ ಕವಲು) ಎಂದು ಎರಡು ಹೊಸ ಬಗೆ ಟೈಪ್ ಮಾಡಿ ತುಂಬುವುದು. ಸರ್‌ನೇಮ್‌ಗೆ 'ಮ್ಯಾಟ್ರಿಲೀನಿಯಲ್' ಎಂಬ ಮೂಲವನ್ನು ಆರಿಸುವ ಸೌಲಭ್ಯ ಇದೆಯಲ್ಲ ಎಂದು ಬರಿಯನ್ನು ಅಲ್ಲಿಗೆ ಹಾಕಬೇಡಿ. ಹಾಕಿದರೆ ಶೆಟ್ಟಿ, ರೈ, ಆಳ್ವ ಎಂದು ಊರೆಲ್ಲ ಕರೆಯುವವರ ಹೆಸರು ಮುದ್ರಣದಲ್ಲಿ ಯಾರೂ ಕರೆಯದ ಹೆಸರಾಗಿ ಬರುತ್ತದೆ.

ಕವರಿನ ಪಟ್ಟಿ ತೆಗೆಯುವಾಗ ಹೆಚ್ಚಿನವರು ತಪ್ಪುವುದು ಫಿಲ್ಟರ್‌ನಲ್ಲಿ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯ ಪ್ರಕಾರ ಹೆಂಗಸಿನ ಕವರು ಎಂದರೆ ಅವಳು, ಅವಳ ಮಕ್ಕಳು, ಹೆಣ್ಣಿನ ಸಾಲಿನಲ್ಲಿ ಬಂದ ಎಲ್ಲ ಸಂತತಿ. ಗಂಡಸಿನ ಕವರು ಎಂದರೆ ಅವನ ತಾಯಿಯ ಕವರು. 'ಡಿಸೆಂಡೆಂಟ್ಸ್' ಫಿಲ್ಟರ್ ಗಂಡುಮಕ್ಕಳ ಮಕ್ಕಳನ್ನೂ ಎಳೆದು ತರುತ್ತದೆ. ಅವರು ಸೇರುವುದು ತಮ್ಮ ತಾಯಿಯ ಕವರಿಗೆ. ಹಳೆಯ ವಿಭಾಗ ಪತ್ರದ ಜೊತೆ ತಾಳೆ ನೋಡುವವರಿಗೆ ಈ ತಪ್ಪು ಕೊನೆಯವರೆಗೂ ಕಾಡುತ್ತದೆ. ಆದ್ದರಿಂದ 'ಕವರು' ಆಟ್ರಿಬ್ಯೂಟ್ ಮೇಲೆ ಸ್ವಂತ ಫಿಲ್ಟರ್ ಮಾಡಿ, ಅದನ್ನೇ 'ರಿಲೇಶನ್‌ಶಿಪ್ ಗ್ರಾಫ್' ವರದಿಗೆ ಕೊಡಿ.

ಕುಟುಂಬ ಬೇರೆ, ವಾಸದ ಮನೆ ಬೇರೆ. ಮದುವೆಯಾದ ಹೆಣ್ಣು ಗಂಡನ ಮನೆಯಲ್ಲಿದ್ದರೂ ಅವಳು, ಅವಳ ಮಕ್ಕಳು ತಾಯಿಯ ಕುಟುಂಬದವರೇ. ಗ್ರ್ಯಾಂಪ್ಸ್‌ನಲ್ಲಿ 'ಮನೆವಾರ್ತೆ', ಅಂದರೆ ಒಂದೇ ಮನೆಯಲ್ಲಿ ಇರುವವರ ಗುಂಪು, ಎಂಬ ವಸ್ತುವೇ ಇಲ್ಲ, ಇದೇ ಅದರ ದೊಡ್ಡ ಕೊರತೆ. ದಾರಿ ಹೀಗಿದೆ: ಮನೆಯನ್ನು 'ಪ್ಲೇಸ್' ಆಗಿ ಮಾಡಿ, ಊರಿನೊಳಗೆ ಸೇರಿಸಿ. ಒಂದು 'ರೆಸಿಡೆನ್ಸ್' ಘಟನೆ ಬರೆದು, ಅಲ್ಲಿದ್ದವರೆಲ್ಲರಿಗೂ ಅದನ್ನೇ ಹಂಚಿ. ಪಾತ್ರದ ಜಾಗದಲ್ಲಿ 'ಯಜಮಾನ' ಎಂದೋ 'ವಾಸ' ಎಂದೋ ಬರೆಯಿರಿ. ಒಬ್ಬೊಬ್ಬರಿಗೂ ಹೊಸ ಘಟನೆ ಸೃಷ್ಟಿಸಿದರೆ ಮುಂದೆ ಒಂದು ಇಸವಿ ತಿದ್ದಲು ಇಪ್ಪತ್ತು ಕಡೆ ಕೈಹಾಕಬೇಕಾಗುತ್ತದೆ. ಉಡುಪಿ ಕಡೆಯ ಊರಾದರೆ ಮೇಲಿನ ಜಿಲ್ಲೆಗೆ ದಿನಾಂಕ ಕೊಡಿ: 1997ರವರೆಗೆ ದಕ್ಷಿಣ ಕನ್ನಡ, ಆಮೇಲೆ ಉಡುಪಿ. ಜಿಲ್ಲೆಯ ಮೇಲೆ 1956ರ ನವೆಂಬರ್ 1ರವರೆಗೆ ಮದ್ರಾಸ್, ನಂತರ ಮೈಸೂರು ರಾಜ್ಯ, 1973ರ ನವೆಂಬರ್ 1ರಿಂದ ಕರ್ನಾಟಕ.

ಅತ್ಯಂತ ನಿರಾಸೆ ತರುವುದು ಸಂಬಂಧ ಹೇಳುವ 'ರಿಲೇಶನ್‌ಶಿಪ್ ಕ್ಯಾಲ್ಕುಲೇಟರ್'. ಸೋದರಮಾವನ ಮಗಳೂ 'ಫಸ್ಟ್ ಕಸಿನ್', ದೊಡ್ಡಪ್ಪನ ಮಗಳೂ 'ಫಸ್ಟ್ ಕಸಿನ್'. ಒಬ್ಬಳು ಹೆಣ್ಣು ಕೇಳಬಹುದಾದ ಸಂಬಂಧ, ಇನ್ನೊಬ್ಬಳು ಅಕ್ಕನೋ ತಂಗಿಯೋ. ಈ ಎರಡನ್ನೂ ಒಂದೇ ಪದದಲ್ಲಿ ಮುಗಿಸುವ ಉತ್ತರ ನಮ್ಮವರಿಗೆ ಉತ್ತರವೇ ಅಲ್ಲ. ಬೇಸರವೆಂದರೆ, ಬೇಕಾದ ಮಾಹಿತಿ ಒಳಗೇ ಇದೆ. ಇಬ್ಬರಿಂದಲೂ ಸಮಾನ ಪೂರ್ವಜರವರೆಗಿನ ಹಾದಿಯನ್ನು ಸಾಫ್ಟ್‌ವೇರ್ ತಾಯಿ, ತಂದೆ ಎಂದು ಹೆಜ್ಜೆ ಹೆಜ್ಜೆಯಾಗಿ ಇಟ್ಟುಕೊಂಡಿರುತ್ತದೆ. ಎರಡು ಹಾದಿಗಳ ಮೊದಲ ಹೆಜ್ಜೆ ಒಂದೇ ಆದರೆ ದೊಡ್ಡಪ್ಪ ಚಿಕ್ಕಪ್ಪ, ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳು. ಬೇರೆಯಾದರೆ ಅತ್ತೆ ಮಾವನ ಮಕ್ಕಳು. ಸಂಬಂಧದ ಪದಗಳಿಗೆ ಭಾಷೆಗೊಂದು ಪೈಥಾನ್ (ಪ್ರೋಗ್ರಾಮಿಂಗ್) ಫೈಲ್ ಇರುವುದರಿಂದ, ಬಲ್ಲವರು ಕನ್ನಡಕ್ಕೂ ಒಂದನ್ನು ಬರೆಯಬೇಕು. ಅಲ್ಲಿಯವರೆಗೆ ಈ ಉಪಕರಣವನ್ನು ನಂಬಬೇಡಿ.

ಸೋದರಮಾವನನ್ನೇ ಮದುವೆಯಾದ ಹೆಣ್ಣು ಎರಡು ಕಡೆ ಬರುತ್ತಾಳೆ: ಒಮ್ಮೆ ಮಗಳಾಗಿ, ಒಮ್ಮೆ ಹೆಂಡತಿಯಾಗಿ. ಹೆಂಡತಿಯನ್ನು ಸೇರಿಸುವಾಗ ಕೂಡಿಸುವ ಚಿಹ್ನೆ ಒತ್ತದೆ, ಇರುವ ವ್ಯಕ್ತಿಯನ್ನು ಆರಿಸುವ ಬಟನ್ ಒತ್ತಿ. ಈಗಾಗಲೇ ಇಬ್ಬರಾಗಿದ್ದರೆ ಪಟ್ಟಿಯಲ್ಲಿ ಎರಡನ್ನೂ ಆರಿಸಿ 'ಮರ್ಜ್' ಮಾಡಿ.

ಕೊಡವರ ಒಕ್ಕಕ್ಕೆ, ಅಂದರೆ ಅವರ ಮನೆತನಕ್ಕೆ, ಇಷ್ಟು ಕಷ್ಟವಿಲ್ಲ, ಅದು ತಂದೆಯ ಸಾಲು. ಮನೆಪೆದ (ಮನೆತನದ ಹೆಸರು) ಮುಂದೆ ಬರುವಂತೆ, ಕೊಡಂದೇರ ಕಾರ್ಯಪ್ಪ ಎಂದಂತೆ, ಹೆಸರಿನ ವಿನ್ಯಾಸ ಬದಲಿಸಿ. ಮದುವೆಯಾಗಿ ಬಂದವರ ಹೊಸ ಒಕ್ಕವನ್ನು 'ಮ್ಯಾರೀಡ್ ನೇಮ್' ಎಂದು ಸೇರಿಸಿ, ತವರಿನದನ್ನು ಅಳಿಸಬೇಡಿ.

ಮುದ್ರಿಸಿದ ವೃಕ್ಷ ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರವಾಗುವುದಿಲ್ಲ, ಅದಕ್ಕೆ ಅರ್ಜಿಯೇ ಬೇಕು. ಬ್ಯಾಕಪ್ ತೆಗೆಯುವಾಗ ಜೆಡ್‌ಕಾಮ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಹಂಚಿಕೊಂಡ ಘಟನೆಗೆ ಅದರಲ್ಲಿ ಜಾಗವಿಲ್ಲ, ದಿನಾಂಕ ಸಹಿತ ಸ್ಥಳದ ಸರಣಿ ಬರೀ ಅಲ್ಪವಿರಾಮಗಳ ಸಾಲಾಗುತ್ತದೆ. ಫೋಟೋಗಳೂ ಸೇರಿ ಉಳಿಯಬೇಕಾದರೆ ಗ್ರ್ಯಾಂಪ್ಸ್‌ನದೇ ಡಾಟ್ ಜಿಪಿಕೆಜಿ (.gpkg) ಫೈಲ್ ತೆಗೆದು ಪೆನ್‌ಡ್ರೈವ್‌ಗೆ ಹಾಕಿಡಿ.